ಮುಕ್ಕಾಲು ಎಂಬ ಮಾತಿನೊಳಗಿನ ಗಣಿತ

ಭಿನ್ನರಾಶಿಯ ಪಾಠವು ಆರಂಭವಾದೊಡನೆ ತರಗತಿಯಲ್ಲಿ ಅನೇಕರ ಮುಖಗಳು ಬಾಡುವುದನ್ನು ನಾವು ಕಂಡಿದ್ದೇವೆ. ಅರ್ಧಕ್ಕೆ ಕಾಲನ್ನು ಕೂಡಿಸಿರೆಂದರೆ, ಮೇಲಿನ ಅಂಕಿಗಳನ್ನು ಮೇಲೂ ಕೆಳಗಿನವುಗಳನ್ನು ಕೆಳಗೂ ಕೂಡಿಸಿ 2/6 ಎಂದು ಬರೆಯುವವರು ಪ್ರತಿವರ್ಷವೂ ಉಂಟು. 2/6 ಎಂದರೆ ಮೂರರಲ್ಲೊಂದು ಪಾಲು. ಅದು ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕುಗ್ಗುವುದುಂಟೇ? ಇದೇ ಬಾಲಕಿಯು ತಾಯಿಯೊಡನೆ ಬೆಳ್ಳಾವಿಯ ಸಂತೆಗೆ ಹೋಗಿ, ಅರ್ಧ ಕಿಲೋ ಹುರುಳಿಕಾಯಿಯನ್ನೂ ಕಾಲು ಕಿಲೋ ಬೆಂಡೆಕಾಯಿಯನ್ನೂ ಕೊಂಡರೆ, ಚೀಲದಲ್ಲಿರುವುದು ಮುಕ್ಕಾಲು ಕಿಲೋ ಎಂದು ತಡೆಯಿಲ್ಲದೆ ಹೇಳುವಳು. ಸಂತೆಯಲ್ಲಿದ್ದ ತಿಳಿವಳಿಕೆಯು ಹಲಗೆಯ ಮುಂದೆ ಎಲ್ಲಿ ಹೋಯಿತು?

ಮುಕ್ಕಾಲು ಎಂಬ ಮಾತನ್ನೇ ಬಿಡಿಸಿ ನೋಡೋಣ. ಮೂರು ಕಾಲುಗಳೇ ಮುಕ್ಕಾಲು. ಮೂರು ತೆಂಗಿನಕಾಯಿ, ಮೂರು ಸೇರು, ಮೂರು ಕಾಲು: ಎಲ್ಲದರಲ್ಲಿಯೂ ಮೂರು ಎಂಬುದು ಒಂದೇ ಮೂರು. 3/4 ಎಂಬುದರಲ್ಲಿ ಕೆಳಗಿನ 4, ಅಂದರೆ ಛೇದವು, ನಾವು ಎಣಿಸುತ್ತಿರುವ ತುಂಡು ಯಾವುದೆಂದು ಹೇಳುತ್ತದೆ. ಮೇಲಿನ 3, ಅಂದರೆ ಅಂಶವು, ಅಂತಹ ತುಂಡುಗಳು ಎಷ್ಟೆಂದು ಹೇಳುತ್ತದೆ. ಆದುದರಿಂದ ಭಿನ್ನರಾಶಿಯು ಪೂರ್ಣಾಂಕಕ್ಕೆ ಪರಕೀಯವಲ್ಲ. ಚಿಕ್ಕ ಅಳತೆಯಿಂದ ಮಾಡಿದ ಎಣಿಕೆಯೇ ಅದು. ನಾಲ್ಕು ಕಾಲು ಸೇರಿದರೆ ಒಂದು, ಐದು ಸೇರಿದರೆ ಒಂದೂಕಾಲು, ಹನ್ನೆರಡು ಸೇರಿದರೆ ಮೂರು. ಮೂರನ್ನು 12/4 ಎಂದು ಬರೆದರೂ 3/1 ಎಂದು ಬರೆದರೂ ಅದು ಮೂರೇ. ಕೂಡುವಾಗ ಮಾತ್ರ ತುಂಡುಗಳು ಒಂದೇ ಜಾತಿಯವಾಗಿರಬೇಕು. ಅರ್ಧವನ್ನು ಎರಡು ಕಾಲೆಂದು ಮಾಡಿಕೊಂಡು ಇನ್ನೊಂದು ಕಾಲನ್ನು ಸೇರಿಸಿದರೆ ಸಂತೆಯ ಉತ್ತರವೇ ಬರುವುದು.

ಭಾಗಾಕಾರದಲ್ಲಿ ಇನ್ನೊಂದು ದಿಗ್ಭ್ರಮೆ. ಮೂರನ್ನು ಕಾಲಿನಿಂದ ಭಾಗಿಸಿದರೆ ಹನ್ನೆರಡು ಬರುತ್ತದೆಂದಾಗ, ಭಾಗಿಸಿದರೆ ಹೆಚ್ಚುವುದು ಹೇಗೆಂದು ಕೇಳುವರು. ಸೇರಿನ ಕಾಲುಭಾಗವೇ ಪಾವು. ಮೂರು ಸೇರು ರಾಗಿಯನ್ನು ಪಾವಿನಿಂದ ಅಳೆದರೆ ಎಷ್ಟು ಸಲ ಅಳೆಯಬೇಕಾಗುವುದು? ರಾಗಿಯು ಒಂದು ಕಾಳೂ ಹೆಚ್ಚಲಿಲ್ಲ. ಅಳತೆ ಚಿಕ್ಕದಾದುದರಿಂದ ಎಣಿಕೆ ಹೆಚ್ಚಿತು, ಅಷ್ಟೆ.

ಪಾಲುಗಳು ಸೇರಿ ಪೂರ್ಣವಾಗುವುದನ್ನು ನಮ್ಮ ನಾಡಿನಲ್ಲಿ ಬಹು ಹಿಂದೆಯೇ ಆಳವಾಗಿ ಚಿಂತಿಸಿದ್ದರು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದ 'ಗಣಿತಸಾರಸಂಗ್ರಹ'ದಲ್ಲಿ ಒಂದು ಸೊಗಸಾದ ಕ್ರಮವನ್ನು ಕೊಟ್ಟಿದ್ದಾನೆ. 1, 3, 9, 27 ಎಂದು ಛೇದಗಳನ್ನು ಬರೆದು, ಮೊದಲನೆಯದನ್ನು 2ರಿಂದಲೂ ಕೊನೆಯದನ್ನು 2/3ರಿಂದಲೂ ಗುಣಿಸಬೇಕು. ಆಗ ಛೇದಗಳು 2, 3, 9, 18 ಆಗುವುವು. ಹದಿನೆಂಟು ತೆಂಗಿನಕಾಯಿಗಳನ್ನು ಈ ಪಾಲುಗಳಂತೆ ಹಂಚಿ ನೋಡಿರಿ: 9, 6, 2, 1. ಒಂದೂ ಉಳಿಯದು, ಒಂದೂ ಸಾಲದಾಗದು. ಸಾಲಿನಲ್ಲಿ ಇನ್ನೂ ಒಂದು ಛೇದವನ್ನು ಹೆಚ್ಚಿಸಿದರೂ ಕ್ರಮವು ತಪ್ಪದು. ಐದು ಪಾಲುಗಳಿಗೆ ನೀವೇ ಮಾಡಿ ನೋಡತಕ್ಕದ್ದು.

ಪಾಲುಗಳು ಹೀಗೆ ಹೊಂದದಿದ್ದರೆ ಏನಾಗುವುದೆಂಬುದನ್ನು ನಿಮ್ಮ ಅಜ್ಜಿಯರ ಕಾಲದವರು ಕೈಯಾರೆ ಕಂಡರು. ರೂಪಾಯಿಗೆ 16 ಆಣೆಗಳಿದ್ದುವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯೇ ಪೈಸೆಗಳಾದುವು. ಒಂದಾಣೆಗೆ ಲೆಕ್ಕದಂತೆ ಆರೂಕಾಲು ಪೈಸೆ ಬರಬೇಕು. ಆದರೆ ಕಾಲು ಪೈಸೆಯ ನಾಣ್ಯವಿರಲಿಲ್ಲ. ಆದುದರಿಂದ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಪಟ್ಟಿಯು ಏರ್ಪಟ್ಟಿತು. ನಾಲ್ಕಾಣೆಯನ್ನು ಒಟ್ಟಾಗಿ ಕೊಟ್ಟವಳಿಗೆ 25 ಪೈಸೆ; ಒಂದೊಂದೇ ಆಣೆಯಾಗಿ ನಾಲ್ಕು ಸಲ ಬದಲಾಯಿಸಿದವಳಿಗೆ 24. ಚಿಲ್ಲರೆಯಲ್ಲಿಯೇ ಬದುಕುವ ಬಡವಳ ಕೈಯಿಂದ ನಾಲ್ಕು ಕಾಲುಗಳು ಹೀಗೆ ಜಾರಿ, ಒಂದು ಇಡೀ ಪೈಸೆ ಹೋಗುತ್ತಿತ್ತು.