ಸ್ಪೀಡಿನ ಜೊತೆ ಬಾಲಿನ ಲೆಕ್ಕವೂ ಇರಲಿ

ಮಗು, ನೆಟ್ಸ್ ಮುಗಿಸಿ ಕಿಟ್ ಹೊತ್ತು ಬರುವಾಗ ನೀವು ಹುಡುಗರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ‘ಇವತ್ತು ಸ್ಪೀಡ್ ಎಷ್ಟು ಬಂತು?’ ಈ ವಾರ ಒಟ್ಟು ಎಷ್ಟು ಬಾಲ್ ಹಾಕಿದೆ ಎಂದು ನಿನ್ನನ್ನು ಯಾರಾದರೂ ಕೇಳಿದ್ದಾರೆಯೇ? ನಾನು ಕೇಳುತ್ತಿದ್ದೇನೆ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಲೇ ವಯಸ್ಸು ಕಳೆದವನು ನಾನು. ನಿನ್ನಂತೆ ಓಡಿ ಬಂದು ಚೆಂಡು ಬಿಡುವ ಮಕ್ಕಳನ್ನು ಕಂಡರೆ ಈಗಲೂ ದಾರಿಯಲ್ಲಿ ನಿಂತು ನೋಡುತ್ತೇನೆ. ನಿನ್ನ ವೇಗ ದೊಡ್ಡ ವರ. ಅದು ಹತ್ತು ಹದಿನೈದು ವರ್ಷ ನಿನ್ನ ಬಳಿ ಉಳಿಯಬೇಕು ಎಂಬ ಆಸೆಯಿಂದ ಈ ಮಾತು ಹೇಳುತ್ತಿದ್ದೇನೆ.

ನಿನ್ನ ಒಂದು ವಾರವನ್ನು ನೀನೇ ನೆನಪಿಸಿಕೋ. ಬೆಳಗ್ಗೆ ಶಾಲಾ ತಂಡದ ಅಭ್ಯಾಸ, ಸಂಜೆ ಅಕಾಡೆಮಿ, ಶನಿವಾರ ಭಾನುವಾರ ಕ್ಲಬ್ ಮ್ಯಾಚು. ಇವುಗಳ ನಡುವೆ ಬಿಡುವು ಸಿಕ್ಕರೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಸಿಮೆಂಟು ನೆಲದ ಮೇಲೆ ಟೆನಿಸ್ ಬಾಲ್. ಶಾಲೆಯ ಸರ್‌ಗೆ ಗೊತ್ತಿರುವುದು ಅವರ ಎದುರು ನೀನು ಹಾಕಿದ ಬಾಲು, ಅಕಾಡೆಮಿ ಕೋಚ್‌ಗೆ ಅವರ ನೆಟ್ಸಿನದು, ಕ್ಲಬ್ಬಿನವರಿಗೆ ಮ್ಯಾಚಿನದು. ಎಲ್ಲರೂ ನಿನ್ನ ಒಳ್ಳೆಯದನ್ನೇ ಬಯಸುವವರು. ಆದರೆ ಇದಷ್ಟನ್ನೂ ಕೂಡಿಸಿ ನೋಡುವವರು ಯಾರೂ ಇಲ್ಲ. ಆ ಮೊತ್ತ ಗೊತ್ತಿರುವುದು ನಿನ್ನ ಬೆನ್ನಿಗೆ ಮಾತ್ರ.

ವೇಗದ ಬೌಲರ್ ಮುಂಗಾಲು ಊರುವ ಕ್ಷಣದಲ್ಲಿ ನೆಲ ಅವನ ಮೈತೂಕದ ಐದಾರು ಪಟ್ಟು ಬಲದಿಂದ ತಿರುಗಿ ಒತ್ತುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ತಂತಿಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತಾ ಹೋದರೆ ಏನಾಗುತ್ತದೋ, ಬೆನ್ನುಮೂಳೆಯ ಕೆಳಭಾಗದಲ್ಲಿ ಆಗುವುದೂ ಅದೇ. ಒಂದು ಬಾಲಿಗೆ ಏನೂ ಆಗುವುದಿಲ್ಲ, ಸಾವಿರ ಬಾಲಿಗೆ ಕೂದಲೆಳೆಯ ಬಿರುಕು. ಇದೇ ಸ್ಟ್ರೆಸ್ ಫ್ರ್ಯಾಕ್ಚರ್. ಬೆನ್ನಿನ ಈ ಮೂಳೆಗಳು ಪೂರ್ತಿ ಗಟ್ಟಿಯಾಗುವುದು ಇಪ್ಪತ್ತು ದಾಟಿದ ಮೇಲೆ. ನಿನಗೆ ಈಗ ಹದಿನಾಲ್ಕು.

ಬಲಗೈ ಬೌಲರ್‌ಗಳಿಗೆ ಈ ಬಿರುಕು ಹೆಚ್ಚಾಗಿ ಬರುವುದು ಎಡಬದಿಯಲ್ಲಿ. ಮೊನ್ನೆ ನೀನು ಓವರ್ ಮುಗಿಸಿ ರನ್-ಅಪ್ ಗುರುತಿನ ಕಡೆಗೆ ನಡೆಯುತ್ತಾ, ಶರ್ಟು ಸಿಕ್ಕಿಸುವ ನೆವದಲ್ಲಿ ಹೆಬ್ಬೆರಳಿನಿಂದ ಸೊಂಟದ ಎಡಭಾಗವನ್ನು ಒತ್ತಿಕೊಂಡೆ. ಕೋಚ್ ನೋಡಿದಾಗ ಕೈ ತೆಗೆದೆ. ಅದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮ ಇಂದಿರಾನಗರ ಸ್ಟೇಷನ್ನಿನಲ್ಲಿ ನೇರಳೆ ಮೆಟ್ರೊ ಹತ್ತಿದರೆ ನಾಲ್ಕನೇ ನಿಲ್ದಾಣ ಕಬ್ಬನ್ ಪಾರ್ಕ್, ಅಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣ. 2024ರ ಏಪ್ರಿಲ್ 2ರ ರಾತ್ರಿ ಅಲ್ಲಿ ಮಯಂಕ್ ಯಾದವ್ ಎಂಬ 21ರ ಹುಡುಗ ಆರ್‌ಸಿಬಿ ವಿರುದ್ಧ ಗಂಟೆಗೆ 156.7 ಕಿಲೋಮೀಟರ್ ವೇಗದ ಬಾಲ್ ಹಾಕಿ, 14 ರನ್ನಿಗೆ 3 ವಿಕೆಟ್ ಕಿತ್ತ. ನೀವೆಲ್ಲ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿದ್ದೀರಿ. ಅದರ ಮುಂದಿನದನ್ನೂ ನೆನಪಿಟ್ಟುಕೊಳ್ಳಿ. ಮುಂದಿನ ಪಂದ್ಯದಲ್ಲಿ ಒಂದೇ ಓವರ್ ಹಾಕಿ, ಪಕ್ಕೆ ನೋವೆಂದು ಹೊರನಡೆದ. ಅದೇ ಅಕ್ಟೋಬರಿನಲ್ಲಿ ಭಾರತ ತಂಡದಲ್ಲಿ ಆಡಿದ, ಆಮೇಲೆ ಬೆನ್ನು ಕೈಕೊಟ್ಟಿತು. 2025ರ ಐಪಿಎಲ್‌ನಲ್ಲಿ ಅವನಿಗೆ ಆಡಲಾದದ್ದು ಎರಡೇ ಪಂದ್ಯ. ಅವನ ಪ್ರತಿಭೆಯಲ್ಲಿ ಕೊರತೆಯಿಲ್ಲ. ಅಷ್ಟು ವೇಗಕ್ಕೆ ಮೈ ಎಷ್ಟು ಬೆಲೆ ತೆರುತ್ತದೆ ಎಂಬುದು ಇದರಿಂದ ತಿಳಿಯಬೇಕು.

ನಮ್ಮವರೇ ಆದ ಪ್ರಸಿದ್ಧ್ ಕೃಷ್ಣ ಬೆನ್ನುಮೂಳೆಯ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ 2022ರ ಆಗಸ್ಟ್ ಬಳಿಕ ಸುಮಾರು ಒಂದು ವರ್ಷ ಆಟದಿಂದ ದೂರವಿದ್ದರು. ಶಸ್ತ್ರಚಿಕಿತ್ಸೆ ಆಯಿತು, 2023ರ ಐಪಿಎಲ್ ಪೂರ್ತಿ ತಪ್ಪಿತು. ಅವಸರಪಡದೆ ಮೈ ಕಟ್ಟಿಕೊಂಡು ಬಂದವರು 2025ರ ಐಪಿಎಲ್‌ನಲ್ಲಿ 25 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಎರಡು ವರ್ಷದೊಳಗೆ, 1999ರಲ್ಲಿ, ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಕಬಳಿಸಿದರು. 2003ರ ವಿಶ್ವಕಪ್ ಫೈನಲ್‌ವರೆಗೂ ಓಡಿದರು. ವಿಶ್ರಾಂತಿ ಎಂದರೆ ಆಟ ಮುಗಿಯಿತು ಎಂದು ಹೆದರಬೇಡ. ಇವರಿಬ್ಬರ ಒಳ್ಳೆಯ ದಿನಗಳು ವಿಶ್ರಾಂತಿಯ ಆಚೆ ಕಾದಿದ್ದವು.

ಹಾಗಾದರೆ ವೇಗವೇ ಬೇಡವೇ ಎಂದು ಕೇಳುತ್ತೀಯ. ಬೇಕು. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಹುಡುಗರ ಕುರಿತ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಭುಜ ಅಥವಾ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ 95 ಹುಡುಗರನ್ನು, ಗಾಯವಾಗದ 45 ಹುಡುಗರ ಜೊತೆ ಇಟ್ಟು ನೋಡಿದರು. ಗಂಟೆಗೆ 137 ಕಿಲೋಮೀಟರಿಗಿಂತ ವೇಗವಾಗಿ ಎಸೆಯುವವರಿಗೆ ಅಪಾಯ ಸುಮಾರು ಎರಡೂವರೆ ಪಟ್ಟು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧೆಯಲ್ಲಿ ಎಸೆಯುವವರಿಗೆ ಐದು ಪಟ್ಟು. ಕೈ ದಣಿದಿದ್ದರೂ ಎಸೆಯುವುದನ್ನೇ ಅಭ್ಯಾಸ ಮಾಡಿಕೊಂಡವರಿಗೆ 36 ಪಟ್ಟು. ಅದು ಬೇರೆ ಆಟ, ಪೆಟ್ಟು ಬೀಳುವ ಜಾಗವೂ ಬೇರೆ. ಆದರೆ ಬುದ್ಧಿಮಾತು ನಮಗೂ ಒಪ್ಪುತ್ತದೆ: ಬರೀ ವೇಗ ಹುಡುಗರನ್ನು ಆಸ್ಪತ್ರೆಗೆ ಕಳಿಸುವುದಕ್ಕಿಂತ, ದಣಿದ ಮೇಲೂ ನಿಲ್ಲಿಸದ ಹಟ ಹೆಚ್ಚು ಹುಡುಗರನ್ನು ಕಳಿಸಿದೆ.

ನಿನ್ನ ಅಕ್ಕ ಶಾಲೆಯ ಸಾಫ್ಟ್‌ಬಾಲ್ ತಂಡದ ಪಿಚರ್. ಕೈ ಕೆಳಗಿನಿಂದ ಎಸೆಯುವ ಆಟ, ಏನೂ ಆಗುವುದಿಲ್ಲ ಎಂದು ಮನೆಯವರೆಲ್ಲ ನಿಶ್ಚಿಂತೆಯಿಂದಿದ್ದಾರೆ. ಅವಳ ತೋಳು ಪೂರ್ತಿ ಒಂದು ಸುತ್ತು ತಿರುಗಿ ಸೊಂಟದ ಬಳಿ ಚೆಂಡು ಬಿಡುವಾಗ, ತೋಳನ್ನು ಭುಜದ ಗೂಡಿನಿಂದ ಹೊರಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ಅವಳ ಮೈತೂಕದಷ್ಟೇ ಇರುತ್ತದೆ. ಅದನ್ನು ಹಿಡಿದಿಡುವ ಭುಜದ ಮುಂಭಾಗದ ಸ್ನಾಯು ಸವೆಯುತ್ತದೆ. ತಂಡಕ್ಕೆ ಇರುವವಳು ಒಬ್ಬಳೇ ಒಳ್ಳೆಯ ಪಿಚರ್ ಎಂದು ಎರಡು ದಿನದ ಟೂರ್ನಮೆಂಟಿನ ಎಲ್ಲ ಪಂದ್ಯಕ್ಕೂ ಅವಳನ್ನೇ ಇಳಿಸುತ್ತಾರೆ. ನಾನು ಹೇಳುವ ಲೆಕ್ಕ ಅವಳಿಗೂ ಬೇಕು. ಇದನ್ನು ಅವಳಿಗೂ ಓದಿ ಹೇಳು.

ಒಂದು ನೋಟ್‌ಬುಕ್ ತೆಗೆದುಕೋ. ದಿನಾಂಕ, ಎಲ್ಲಿ ಹಾಕಿದೆ, ಎಷ್ಟು ಬಾಲ್, ಮರುದಿನ ಬೆಳಗ್ಗೆ ಎದ್ದಾಗ ಬೆನ್ನು ಹೇಗಿತ್ತು, ಇಷ್ಟೇ ಬರೆ. ಶಾಲೆ, ಅಕಾಡೆಮಿ, ಕ್ಲಬ್, ಪಾರ್ಕಿಂಗ್, ಎಲ್ಲವೂ ಒಂದೇ ಪುಟದಲ್ಲಿರಲಿ. ನಿನ್ನ ವಯಸ್ಸಿನವರಿಗೆ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವರ್ಷಗಟ್ಟಲೆ ಪಾಲಿಸಿದ ಅಳತೆ ಒಂದು ಸ್ಪೆಲ್ಲಿಗೆ 6 ಓವರ್, ದಿನಕ್ಕೆ 12 ಓವರ್. ಅಂದರೆ 72 ಬಾಲು. ಏಳು ದಿನದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೌಲಿಂಗ್ ಬೇಡ, ಸತತ ಎರಡು ದಿನ ಹಾಕಿದರೆ ಮೂರನೆಯ ದಿನ ಬೇಡ ಎಂಬ ಸಲಹೆಯೂ ಅದರಲ್ಲಿತ್ತು. ಅದನ್ನೇ ನಿನ್ನ ಕಟ್ಟಳೆ ಮಾಡಿಕೋ. ಬೌಲಿಂಗ್ ಇಲ್ಲದ ದಿನ ಬ್ಯಾಟಿಂಗ್ ಮಾಡು, ಕ್ಯಾಚ್ ಹಿಡಿ, ಈಜು, ಫುಟ್‌ಬಾಲ್ ಆಡು. ವರ್ಷಕ್ಕೆ ಎರಡು ಮೂರು ತಿಂಗಳು ಚೆಂಡಿಗೆ ಪೂರ್ತಿ ರಜೆ ಕೊಡು.

ನಮ್ಮ ಊರಿನಲ್ಲಿ ಅತಿ ಅಪಾಯದ ಕಾಲ ಏಪ್ರಿಲ್. ಮಾರ್ಚಿಡೀ ಪರೀಕ್ಷೆ ಎಂದು ಒಂದು ಬಾಲನ್ನೂ ಮುಟ್ಟಿರುವುದಿಲ್ಲ. ಪರೀಕ್ಷೆ ಮುಗಿದ ಮಾರನೆಯ ದಿನವೇ ಸಮ್ಮರ್ ಕ್ಯಾಂಪು, ಬೆಳಗ್ಗೆಯೂ ಸಂಜೆಯೂ. ತಯಾರಿಲ್ಲದ ಮೈಮೇಲೆ ದಿಢೀರನೆ ಹೊರೆ ಬಿದ್ದಾಗಲೇ ಮೂಳೆ ಸೋಲುವುದು. ಮೊದಲ ವಾರ ದಿನ ಬಿಟ್ಟು ದಿನ ಮೂರು ಮೂರು ಓವರ್ ಸಾಕು, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸು. ನೋಟ್‌ಬುಕ್ಕಿನಲ್ಲಿ ನಿನ್ನ ಎತ್ತರವನ್ನೂ ತಿಂಗಳಿಗೊಮ್ಮೆ ಬರೆದಿಡು. ಸರಸರನೆ ಉದ್ದವಾಗುತ್ತಿದ್ದೀಯ ಎಂದು ಗೊತ್ತಾದರೆ ಆ ತಿಂಗಳು ಬಾಲುಗಳನ್ನು ಇಳಿಸು. ಮೂಳೆ ಮುಂದೆ ಓಡಿರುತ್ತದೆ, ಸ್ನಾಯು ಇನ್ನೂ ಹಿಂದೆ ಇರುತ್ತದೆ.

ನೋವಿನ ವಿಷಯ. ಸೊಂಟದ ಒಂದೇ ಬದಿಗೆ ನೋವು, ಹಿಂದಕ್ಕೆ ಬಾಗಿದರೆ ಹೆಚ್ಚು, ಬೌಲಿಂಗ್ ಮಾಡುವಾಗ ಬಂದು ರಾತ್ರಿಗೆ ಕಡಿಮೆ, ಹೀಗಿದ್ದರೆ ಅಂದೇ ಬೌಲಿಂಗ್ ನಿಲ್ಲಿಸಬೇಕು. ನೋವಿನ ಮಾತ್ರೆ ನುಂಗಿ ಮ್ಯಾಚಿಗೆ ಇಳಿಯಬಾರದು. ಆಟಗಾರರನ್ನು ನೋಡುವ ಮೂಳೆ ವೈದ್ಯರ ಬಳಿ ಹೋಗಿ. ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಸಮಾಧಾನಪಡಬೇಡಿ, ಶುರುವಿನ ಬಿರುಕು ಅದರಲ್ಲಿ ಕಾಣದೆ ಎಂಆರ್‌ಐನಲ್ಲಿ ಕಾಣುವುದುಂಟು. ಆರಂಭದಲ್ಲೇ ಹಿಡಿದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಬಚ್ಚಿಟ್ಟರೆ ವರ್ಷಗಳೇ ಹೋಗುತ್ತವೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನೋವಿಗೆ ಅನ್ವಯಿಸಬೇಡ, ಕಾಯುವುದಕ್ಕೆ ಅನ್ವಯಿಸು.

ಅಂಡರ್-16 ಆಯ್ಕೆ ಹತ್ತಿರವಿದೆ, ಈಗ ಬಾಯಿಬಿಟ್ಟರೆ ಜಾಗ ಹೋಗುತ್ತದೆ ಎಂಬ ಭಯ ನಿನಗಿದೆ. ಆ ಭಯ ಸುಳ್ಳಲ್ಲ, ಜಾಗ ಹೋಗಲೂಬಹುದು. ಆಯ್ಕೆ ಮುಂದಿನ ವರ್ಷವೂ ಇರುತ್ತದೆ, ಅಂಡರ್-19 ಇರುತ್ತದೆ, ರಣಜಿ ಇರುತ್ತದೆ. ಅಲ್ಲಿಯವರೆಗೆ ನಡೆಸುವ ಬೆನ್ನು ಒಂದೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಎಡಸೊಂಟದ ನೋವನ್ನು ಅಪ್ಪ ಅಮ್ಮನಿಗೆ ಹೇಳು. ನಾಳೆ ಬೆಳಗ್ಗೆ ಕೋಚ್‌ಗೂ ನೀನೇ ಹೇಳು. ಹೇಳಲು ಕಷ್ಟವಾದರೆ ನಾನೂ ಜೊತೆಗೆ ಬರುತ್ತೇನೆ.