ಜೇನುನೊಣದ ರಕ್ತಕಣಗಳು ಮತ್ತು ಬ್ಯಾಕ್ಟೀರಿಯಾ ಸೋಂಕು

1. ಹಿನ್ನೆಲೆ
1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ಉಡುಪಿ, ಕಾಪು, ಕಾರ್ಕಳ ಪ್ರದೇಶಗಳನ್ನೂ ಒಳಗೊಂಡಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ತುಡುವೆ ಜೇನು ಕುಟುಂಬಗಳನ್ನು ಬಹುಪಾಲು ನಾಶಗೊಳಿಸಿತು. ಜೇನುಮರಿಗಳಿಗೆ ಬ್ಯಾಕ್ಟೀರಿಯಾದಿಂದಲೂ ಅಪಾಯವಿದೆ. ಜೇನು ಕ್ಷೀಣಿಸಿದರೆ ಬೆಳೆಗಳ ಪರಾಗಸ್ಪರ್ಶವೂ ಕುಂಠಿತವಾಗುವುದರಿಂದ ಈ ವಿಷಯದ ಅರಿವು ಸದಸ್ಯರಿಗೆ ಅಗತ್ಯ.

2. ರಕ್ತಕಣಗಳ ಕಾರ್ಯ
ಕೀಟದ ದೇಹದಲ್ಲಿ ಆಮ್ಲಜನಕವನ್ನು ಉಸಿರುನಾಳಗಳೇ ಒಯ್ಯುತ್ತವೆ. ರಕ್ತಕಣಗಳ ಮುಖ್ಯ ಕಾರ್ಯ ರಕ್ಷಣೆ. ಗಾಯದ ಮೂಲಕ ಬ್ಯಾಕ್ಟೀರಿಯಾ ರಕ್ತವನ್ನು ಸೇರಿದರೆ ಕೆಲವು ಕಣಗಳು ಅದನ್ನು ನುಂಗಿ ನಾಶಪಡಿಸುತ್ತವೆ. ರೋಗಾಣುಗಳು ಹೆಚ್ಚಿದ್ದರೆ ಹಲವು ಕಣಗಳು ಒಟ್ಟುಗೂಡಿ ಅವುಗಳನ್ನು ಗಂಟಿನಂತೆ ಸುತ್ತುವರಿಯುತ್ತವೆ. ಆ ಗಂಟು ಮೆಲನಿನ್‌ನಿಂದ ಕಪ್ಪಾಗುತ್ತದೆ. ಕೊಬ್ಬಿನ ಅಂಗವು ರೋಗಾಣುನಾಶಕ ಪೆಪ್ಟೈಡ್‌ಗಳನ್ನು ರಕ್ತಕ್ಕೆ ಸೇರಿಸುತ್ತದೆ. ಮನುಷ್ಯರಲ್ಲಿರುವಂತಹ ಪ್ರತಿಕಾಯಗಳು ಕೀಟಗಳಲ್ಲಿಲ್ಲ.

3. ಈ ರಕ್ಷಣೆಯ ಮಿತಿ
ಯುರೋಪಿಯನ್ ಫೌಲ್‌ಬ್ರೂಡ್ ರೋಗದ ಬ್ಯಾಕ್ಟೀರಿಯಾ ಆಹಾರದೊಂದಿಗೆ ಮರಿಯ ಕರುಳನ್ನು ಸೇರಿ ಅಲ್ಲಿಯೇ ವೃದ್ಧಿಯಾಗುತ್ತದೆ. ರಕ್ತದಲ್ಲಿ ಸಂಚರಿಸುವ ಕಣಗಳು ಕರುಳಿನೊಳಗಿನ ಆಹಾರವನ್ನು ತಲುಪಲಾರವು. ಆದುದರಿಂದ ಈ ರೋಗದಲ್ಲಿ ಪೆಟ್ಟಿಗೆಯ ಶುಚಿತ್ವವೇ ಪ್ರಧಾನ.

4. ಸದಸ್ಯರು ಗಮನಿಸಬೇಕಾದ ಅಂಶಗಳು
(ಅ) ಮರಿಗಳು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಸತ್ತಿದ್ದಲ್ಲಿ, ಹುಳಿವಾಸನೆ ಬಂದಲ್ಲಿ ತೋಟಗಾರಿಕೆ ಇಲಾಖೆಗೆ ಕೂಡಲೇ ತಿಳಿಸುವುದು.
(ಆ) ಅಂತಹ ಪೆಟ್ಟಿಗೆಯ ಎರಿಗಳನ್ನು ಬೇರೆ ಕುಟುಂಬಕ್ಕೆ ನೀಡದಂತೆ, ಉಪಕರಣಗಳನ್ನು ಶುಚಿಗೊಳಿಸದೆ ಬಳಸದಂತೆ ಕೃಷಿಕರಿಗೆ ತಿಳಿವಳಿಕೆ ನೀಡುವುದು.
(ಇ) ತಜ್ಞರ ಸಲಹೆಯಿಲ್ಲದೆ ಪ್ರತಿಜೀವಕ ಔಷಧ ಬಳಸದಂತೆ ಗ್ರಾಮ ಸಭೆಯಲ್ಲಿ ಮನವರಿಕೆ ಮಾಡುವುದು.