ವೈರಸ್ ಹೋಯಿತು, ಸಂದೇಶ ಉಳಿಯಿತು
ಶ್ರೀಮಂಗಲದ ಓದುಗರೇ,

ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ‘ರನ್‌ಡಿಎಲ್‌ಎಲ್’ ಎಂಬ ಚೌಕ ಬಂದು, ಫೈಲ್ ಸಿಗುತ್ತಿಲ್ಲ ಎನ್ನುತ್ತದೆ ಎಂದಿದ್ದೀರಿ. ಗಾಬರಿ ಬೇಡ. ಆ್ಯಂಟಿವೈರಸ್ ಕೆಟ್ಟ ಫೈಲನ್ನು ಅಳಿಸಿರಬೇಕು. ಅದನ್ನು ಓಡಿಸು ಎಂಬ ಆದೇಶ ಮಾತ್ರ ವಿಂಡೋಸ್‌ನಲ್ಲಿ ಉಳಿದಿದೆ. ಯಜಮಾನ ಮನೆ ಬಿಟ್ಟರೂ ಅವನ ಹೆಸರಿಗೆ ಕಾಗದ ಬರುತ್ತಿರುವ ಹಾಗೆ.

ದಯವಿಟ್ಟು ಆ ಫೈಲನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ತಂದು ಹಾಕಬೇಡಿ. ರೋಗವನ್ನೇ ಮರಳಿ ಕರೆದಂತಾಗುತ್ತದೆ.

ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ‘ಆಟೋರನ್ಸ್’ ಅನ್ನು ಅವರ ತಾಣದಿಂದಲೇ ಇಳಿಸಿಕೊಂಡು, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅದು ತೋರಿಸುವ ಪಟ್ಟಿಯಲ್ಲಿ ಫೈಲ್ ಇಲ್ಲದ ಸಾಲುಗಳು ಹಳದಿಯಾಗಿ ಕಾಣುತ್ತವೆ. ಹಳದಿಯೆಲ್ಲ ವೈರಸ್ಸಲ್ಲ, ಹಾಗಾಗಿ ಸಂದೇಶದಲ್ಲಿರುವ ಹೆಸರನ್ನೇ ‘ಲಾಗಾನ್’, ‘ಶೆಡ್ಯೂಲ್ಡ್ ಟಾಸ್ಕ್ಸ್’ ವಿಭಾಗಗಳಲ್ಲಿ ಹುಡುಕಿ. ಮೊದಲು ಟಿಕ್ ಮಾತ್ರ ತೆಗೆದು ರೀಸ್ಟಾರ್ಟ್ ಮಾಡಿ; ಎಲ್ಲ ಸರಿಯಿದ್ದರೆ ಆಮೇಲೆ ಅಳಿಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ, ಯುಪಿಎಸ್ ಇದ್ದಾಗಲೇ ಕುಳಿತುಕೊಳ್ಳಿ.

ಅಳಿಸಿದ ಸಾಲು ಮತ್ತೆ ಹುಟ್ಟಿದರೆ ವೈರಸ್ ಇನ್ನೂ ಒಳಗಿರಬಹುದು. ಆಗ ವಿಂಡೋಸ್‌ನಲ್ಲೇ ಇರುವ ‘ಡಿಫೆಂಡರ್ ಆಫ್‌ಲೈನ್’ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್‌ಗಳನ್ನೂ ಪರೀಕ್ಷಿಸಿ. ವೈರಸ್ ಕದ್ದಿರಬಹುದಾದ್ದರಿಂದ ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಇವತ್ತೇ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.